‘ಅಲುಗಾಡಬೇಡಿ’ ಎನ್ನುವುದನ್ನು ಇನ್ನು ಬಿಡೋಣ

ಪುಣೆಯಲ್ಲಿ ನೆಲೆಸಿದ ಯಾವುದೇ ಕನ್ನಡ ಕುಟುಂಬದ ಮನೆಗೆ ಹೋಗಿ, ಚಹಾ-ಅವಲಕ್ಕಿಯ ಉಪಚಾರ ಮುಗಿದ ಮೇಲೆ ‘ನಿಮ್ಮ ಫೋಟೋಗಳನ್ನು ತೋರಿಸಿ’ ಎಂದು ಕೇಳಿ ನೋಡಿ. ಹಿರಿಯರು ಕಪಾಟಿನಿಂದ ಆಲ್ಬಮ್ ತೆಗೆಯುತ್ತಾರೆ, ಕಿರಿಯರು ಮೊಬೈಲ್ ಮುಂದೆ ಹಿಡಿಯುತ್ತಾರೆ. ಎರಡರಲ್ಲೂ ಕಾಣುವುದು ಒಂದೇ ನೋಟ: ಜನ ಸಾಲಾಗಿ ನಿಂತಿರುತ್ತಾರೆ. ನಾಮಕರಣದಲ್ಲಿ ನಿಂತಿದ್ದಾರೆ, ಮುಂಜಿಯಲ್ಲಿ ನಿಂತಿದ್ದಾರೆ, ಸಿಂಹಗಡದ ಮೇಲೆ ನಿಂತಿದ್ದಾರೆ, ಶನಿವಾರವಾಡೆಯ ಬಾಗಿಲಲ್ಲಿ ನಿಂತಿದ್ದಾರೆ. ಊರಿಗೆ ಹೋದಾಗ ತೋಟದಲ್ಲಿ ನಿಂತಿದ್ದಾರೆ, ತಿರುಗಿ ಬರುವಾಗ ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದಾರೆ. ನಾಲ್ಕು ತಲೆಮಾರಿನ ಒಂದು ಕುಟುಂಬ ತನ್ನ ಆಯುಷ್ಯವನ್ನೆಲ್ಲ ನಿಂತೇ ಕಳೆಯಿತೋ ಎಂದು ಅಪರಿಚಿತರು ಸಂಶಯಪಟ್ಟರೆ ತಪ್ಪೇನಿಲ್ಲ.

ಇನ್ನು ನಮ್ಮ ಸಂಘ-ಸಂಸ್ಥೆಗಳ ವಿಷಯ. ದೀಪ ಬೆಳಗಿಸುವ ಅತಿಥಿಗಳು ದೀಪದ ಕಡೆ ನೋಡದೆ ಕ್ಯಾಮೆರಾದ ಕಡೆ ನೋಡುತ್ತಿರುತ್ತಾರೆ. ಶಾಲು ಹೊದಿಸುವವರು, ಹೊದಿಸಿಕೊಳ್ಳುವವರು ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುವುದಿಲ್ಲ. ಇಂಥ ಚಿತ್ರಗಳು ನೂರಾರು, ಎಲ್ಲವೂ ಸ್ಫುಟ. ಅದೇ ಸಂಜೆ, ಅದೇ ವೇದಿಕೆಯ ಮೇಲೆ, ಎರಡು ತಿಂಗಳು ಅಭ್ಯಾಸ ಮಾಡಿ ಗೆಜ್ಜೆ ಕಟ್ಟಿ ಕುಣಿದ ಹುಡುಗಿಯ ಚಿತ್ರ ಕೇಳಿದರೆ, ಕೆಂಪು-ಹಸಿರು ಬಣ್ಣ ಕಲಸಿದ ಒಂದು ಮುದ್ದೆಯನ್ನು ತೋರಿಸಿ ‘ಬೆಳಕು ಕಡಿಮೆ ಇತ್ತು, ಸರಿಯಾಗಿ ಬರಲಿಲ್ಲ’ ಎನ್ನುತ್ತಾರೆ. ಬೆಳಕು ಎಲ್ಲರಿಗೂ ಒಂದೇ ಇತ್ತಲ್ಲ, ಸ್ವಾಮಿ! ಶಾಲಿನವರಿಗೆ ಸಾಕಾದ ಬೆಳಕು ಗೆಜ್ಜೆಯವಳಿಗೆ ಏಕೆ ಸಾಲಲಿಲ್ಲ?

ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ. ನನ್ನ ಮಾತು ಇಷ್ಟೇ: ನಾವು ಕ್ಯಾಮೆರಾವನ್ನು ಅದರ ಇಚ್ಛೆಗೆ ಬಿಟ್ಟಿದ್ದೇವೆ, ಅದಕ್ಕೆ ನಿಂತವರು ಮಾತ್ರ ಬೇಕು. ಚಲಿಸುವವರನ್ನು ಹಿಡಿಯಬೇಕಾದರೆ ಅದರ ಗುಂಡಿಗಳನ್ನು ನಾವೇ ತಿರುಗಿಸಲು ಕಲಿಯಬೇಕು. ತಾಯ್ನಾಡಿನಿಂದ ದೂರವಿರುವ ನಮ್ಮಂಥವರಿಗೆ ಇದು ಬರಿಯ ಹವ್ಯಾಸದ ಮಾತಲ್ಲ.

ಮೊದಲು, ಈ ನಿಲ್ಲುವ ಚಾಳಿ ಎಲ್ಲಿಂದ ಬಂತು ಎಂಬುದನ್ನು ನೋಡೋಣ. 1838ರಲ್ಲಿ ಫ್ರಾನ್ಸಿನ ಡಾಗೆರ್ ಎಂಬಾತ ಪ್ಯಾರಿಸ್ ನಗರದ ಒಂದು ದೊಡ್ಡ ಬೀದಿಯ ಚಿತ್ರ ತೆಗೆದ. ಹಗಲು ಹೊತ್ತು, ಜನ-ಗಾಡಿಗಳಿಂದ ಗಿಜಿಗುಟ್ಟುವ ಬೀದಿ. ಆದರೆ ಚಿತ್ರದಲ್ಲಿ ಬೀದಿ ಹೆಚ್ಚುಕಡಿಮೆ ಖಾಲಿ! ಅಂದಿನ ಫಲಕದ ಮೇಲೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೀಳಬೇಕಾಗಿತ್ತು. ಅಷ್ಟು ಹೊತ್ತಿನಲ್ಲಿ ನಡೆದವರು, ಓಡಿದವರು, ಗಾಡಿ ಹೊಡೆದವರು ಎಲ್ಲರೂ ಅಳಿಸಿಹೋದರು. ಮೂಲೆಯಲ್ಲಿ ಕಾಲು ಚಾಚಿ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತಿದ್ದ ಒಬ್ಬ ಮನುಷ್ಯ ಮಾತ್ರ ಸ್ಪಷ್ಟವಾಗಿ ಉಳಿದುಕೊಂಡ. ಛಾಯಾಚಿತ್ರದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯರಲ್ಲಿ ಆತನೂ ಒಬ್ಬ ಎನ್ನುತ್ತಾರೆ. ದುಡಿಯಲು ಓಡಾಡುತ್ತಿದ್ದ ಇಡೀ ಬೀದಿ ಮಾಯವಾಯಿತು, ಸುಮ್ಮನೆ ನಿಂತವನು ಇತಿಹಾಸದಲ್ಲಿ ಸೇರಿದ.

ನಮ್ಮ ಹಿರಿಯರ ಕಾಲದ ಕ್ಯಾಮೆರಾವೂ ಇದೇ ಜಾತಿಯದು. ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಪೆಟ್ಟಿಗೆ ಅನೇಕ ಮನೆಗಳಲ್ಲಿತ್ತು. ಒಂದು ಸುರುಳಿಗೆ ಹನ್ನೆರಡೇ ಚಿತ್ರ, ಶಟರಿನ ವೇಗ ಒಂದೇ, ಅದೂ ನಿಧಾನದ್ದು. ಕೈ ನಡುಗಿದರೆ ಚಿತ್ರ ಕೆಟ್ಟಿತು, ಮಗು ತಲೆ ಹೊರಳಿಸಿದರೆ ಸುರುಳಿಯ ಹನ್ನೆರಡನೆಯ ಒಂದು ಪಾಲು ನಷ್ಟ. ಆದ್ದರಿಂದ ಅಪ್ಪ-ಅಜ್ಜಂದಿರು ‘ಅಲುಗಾಡಬೇಡಿ!’ ಎಂದು ಗದರಿಸಿದರು. ಅವರ ಗದರಿಕೆಗೆ ಕಾರಣವಿತ್ತು. ಈಗ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕ್ಯಾಮೆರಾ 1/4000 ಸೆಕೆಂಡಿನಷ್ಟು ಕಿರಿದಾದ ಕ್ಷಣವನ್ನು ಹಿಡಿಯಬಲ್ಲದು. ಕಾರಣ ಹೋಗಿ ದಶಕಗಳಾದವು, ಗದರಿಕೆ ಮಾತ್ರ ಉಳಿದುಕೊಂಡಿದೆ. ಹಾವು ಹೋದರೂ ಹಾವಿನ ಗೆರೆಗೆ ಬಡಿಯುವುದು ಎಂದರೆ ಇದೇ.

ಈಗ ಗೆಜ್ಜೆ ಕಟ್ಟಿದ ಹುಡುಗಿಯ ವಿಷಯಕ್ಕೆ ಬರೋಣ. ಕ್ಯಾಮೆರಾದಲ್ಲಿ ಬೆಳಕನ್ನು ಅಳೆಯುವ ಮೂರು ಬಾಗಿಲುಗಳಿವೆ. ಒಂದು, ಶಟರ್. ಅದು ಎಷ್ಟು ಹೊತ್ತು ತೆರೆದಿರುತ್ತದೆಂಬುದು ಸೆಕೆಂಡಿನ ಲೆಕ್ಕದಲ್ಲಿರುತ್ತದೆ: 1/30, 1/60, 1/125, 1/250, 1/500, 1/1000. ಒಂದೊಂದು ಮೆಟ್ಟಿಲು ಏರಿದಂತೆ ಬೆಳಕು ಅರ್ಧವಾಗುತ್ತದೆ. ಎರಡನೆಯದು ಅಪರ್ಚರ್, ಅಂದರೆ ಮಸೂರದೊಳಗಿನ ಕಿಂಡಿ. ಇದರ ಅಂಕಿಗಳು 2, 2.8, 4, 5.6, 8, 11, 16. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಇಲ್ಲಿಯೂ ಒಂದು ಮೆಟ್ಟಿಲಿಗೆ ಬೆಳಕು ಅರ್ಧ ಅಥವಾ ಇಮ್ಮಡಿ. ಮೂರನೆಯದು ಐಎಸ್‌ಒ. ಇದು ಹೊರಗಿನ ಬೆಳಕನ್ನು ಹೆಚ್ಚಿಸುವುದಿಲ್ಲ; ಬಂದ ಬೆಳಕಿಗೆ ಕ್ಯಾಮೆರಾ ಎಷ್ಟರ ಮಟ್ಟಿಗೆ ಸ್ಪಂದಿಸಬೇಕೆಂದು ಹೇಳುತ್ತದೆ. 100ರಿಂದ 3200, 6400ರವರೆಗೆ ಏರಿಸಬಹುದು, ಏರಿಸಿದಷ್ಟೂ ಚಿತ್ರದಲ್ಲಿ ಸಣ್ಣ ರವೆಯಂಥ ಕಾಳು ಕಾಣಿಸಿಕೊಳ್ಳುತ್ತದೆ. ಇಷ್ಟೇ ವಿದ್ಯೆ. ಮನೆಯಲ್ಲಿ ಒಗ್ಗರಣೆಗೆ ಉರಿ, ಎಣ್ಣೆ, ಹೊತ್ತು ಈ ಮೂರನ್ನು ಹದಮಾಡುವ ಗೃಹಿಣಿಗೆ ಇದು ಒಂದು ಮಧ್ಯಾಹ್ನದ ಪಾಠ.

‘ಆಟೋ’ ಎಂಬ ಗುರುತಿಗೆ ಕ್ಯಾಮೆರಾವನ್ನು ತಿರುಗಿಸಿಟ್ಟರೆ ಏನಾಗುತ್ತದೆ? ಸಭಾಂಗಣದ ಬೆಳಕು ಕಡಿಮೆಯೆಂದು ಅದು ಶಟರನ್ನು ನಿಧಾನಗೊಳಿಸುತ್ತದೆ, 1/30ಕ್ಕೋ 1/60ಕ್ಕೋ ಇಳಿಸುತ್ತದೆ. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಓಡುವ ಮಗು 1/30 ಸೆಕೆಂಡಿನಲ್ಲಿ 13 ಸೆಂಟಿಮೀಟರ್ ಸರಿದಿರುತ್ತದೆ, ಅಂದರೆ ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು. ಮುಖವೇ ಒಂದು ಗೇಣು ಇರುವಾಗ ಚಿತ್ರದಲ್ಲಿ ಉಳಿಯುವುದೇನು? ಅದೇ ಮಗುವನ್ನು 1/500ರಲ್ಲಿ ಹಿಡಿದರೆ ಸರಿಯುವುದು 8 ಮಿಲಿಮೀಟರ್ ಮಾತ್ರ. ಶಾಲು ಹೊದಿಸಿಕೊಂಡವರು 1/30 ಸೆಕೆಂಡಿನಲ್ಲಿ ಒಂದು ಕೂದಲೆಳೆಯಷ್ಟೂ ಸರಿಯುವುದಿಲ್ಲ. ಆ ಬೆಳಕು ಅವರಿಗೆ ಏಕೆ ಸಾಕಾಯಿತೆಂಬುದು ಈಗ ತಿಳಿಯಿತಷ್ಟೆ? ಬೆಳಕಿನ ದೋಷವಲ್ಲ, ಯಂತ್ರದ ದೋಷವೂ ಅಲ್ಲ. ಎದುರಿಗಿರುವವರು ನಿಂತಿದ್ದಾರೋ ಕುಣಿಯುತ್ತಿದ್ದಾರೋ ಎಂಬುದನ್ನು ನೋಡಿ ತೀರ್ಮಾನಿಸಬೇಕಾದ ನಾವು ಆ ಹೊಣೆಯಿಂದ ಜಾರಿಕೊಂಡಿದ್ದೇವೆ.

ಈ ಮಾತಿಗೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ಒಂದೊಂದಾಗಿ ಪರಿಶೀಲಿಸೋಣ.

‘ಈಗಿನ ಮೊಬೈಲ್ ಬಹಳ ಬುದ್ಧಿವಂತ, ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ’ ಎನ್ನುವವರು ಮೊದಲಿಗರು. ಬುದ್ಧಿವಂತ ನಿಜ. ಮಂದ ಬೆಳಕಿನಲ್ಲಿ ಅದು ಒಂದೇ ಚಿತ್ರ ತೆಗೆಯದೆ ಒಂದರ ಬೆನ್ನಿಗೆ ಒಂದರಂತೆ ಹಲವನ್ನು ತೆಗೆದು ಜೋಡಿಸಿ ಒಂದು ಮಾಡುತ್ತದೆ. ಗೋಡೆ, ಪರದೆ, ಕುರ್ಚಿ ಇವು ಆ ಜೋಡಣೆಯಲ್ಲಿ ಬಹಳ ಚೆನ್ನಾಗಿ ಬರುತ್ತವೆ. ಕುಣಿಯುವ ಕೈ ಮಾತ್ರ ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಇರುವುದರಿಂದ, ಯಂತ್ರ ಅದನ್ನು ಅರ್ಧ ಅಳಿಸುತ್ತದೆ, ಅರ್ಧ ನೆರಳು ಮಾಡುತ್ತದೆ. ಪ್ಯಾರಿಸಿನ ಬೀದಿಯ ಕಥೆಯೇ ಮತ್ತೆ! ಆದರೆ ಇದೇ ಹಲವು ಮೊಬೈಲುಗಳಲ್ಲಿ ‘ಪ್ರೋ’ ಎಂಬ ಒಂದು ವಿಭಾಗವಿರುತ್ತದೆ. ಅಲ್ಲಿ ಶಟರ್ ಮತ್ತು ಐಎಸ್‌ಒ ಎರಡನ್ನೂ ಕೈಯಾರೆ ಇಡಬಹುದು. ಮೊಬೈಲಿನ ಕಿಂಡಿ ಸಾಮಾನ್ಯವಾಗಿ ಬದಲಾಗುವುದಿಲ್ಲ, ಆದ್ದರಿಂದ ಎರಡೇ ಗುಂಡಿಗಳ ಲೆಕ್ಕ. ಸಾವಿರಾರು ರೂಪಾಯಿ ತೆತ್ತು ಕೊಂಡ ಉಪಕರಣದ ಆ ವಿಭಾಗವನ್ನು ನಮ್ಮಲ್ಲಿ ಎಷ್ಟು ಜನ ಒಮ್ಮೆಯಾದರೂ ತೆರೆದಿದ್ದೇವೆ?

‘ಚಿತ್ರವೇಕೆ, ವಿಡಿಯೋ ತೆಗೆದರಾಯಿತಲ್ಲ’ ಎನ್ನುವವರು ಎರಡನೆಯವರು. ವಿಡಿಯೋ ಬೇಡವೆಂದು ನಾನು ಹೇಳುವುದಿಲ್ಲ. ಅದರಲ್ಲಿ ಧ್ವನಿಯಿದೆ, ಅದು ದೊಡ್ಡ ಸಂಪತ್ತು. ಆದರೆ ವಿಡಿಯೋದಿಂದ ಚಿತ್ರ ಕಿತ್ತುಕೊಳ್ಳಬಹುದೆಂಬುದು ಭ್ರಮೆ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು. ಒಂದೊಂದಕ್ಕೂ ಸಾಮಾನ್ಯವಾಗಿ 1/48 ಸೆಕೆಂಡಿನಷ್ಟು ಹೊತ್ತು ಬೆಳಕು ಬೀಳುತ್ತದೆ. ಒಂದು ಚೌಕಟ್ಟಿನಲ್ಲಿ ಕೈ ಕಲಸಿಹೋಗಿದ್ದರೂ ಮುಂದಿನದು ಬಂದು ಅದನ್ನು ಮರೆಸುವುದರಿಂದ ಕಣ್ಣಿಗೆ ಚಲನೆ ನಯವಾಗಿ ಕಾಣುತ್ತದೆ. ಆ ಒಂದನ್ನೇ ಕಿತ್ತು ಗೋಡೆಗೆ ಹಾಕಿದರೆ ಕಲಸಿದ್ದು ಕಲಸಿದ್ದೇ. ಮೇಲಾಗಿ, ಮೂರು ಗಂಟೆಯ ಕಾರ್ಯಕ್ರಮದ ವಿಡಿಯೋವನ್ನು ಯಾರ ಮನೆಯಲ್ಲಾದರೂ ಎರಡನೆಯ ಸಲ ಪೂರ್ತಿ ನೋಡಿದವರಿದ್ದರೆ ದಯವಿಟ್ಟು ತಿಳಿಸಿ, ಅವರಿಗೇ ಒಂದು ಶಾಲು ಹೊದಿಸೋಣ.

ಅಲ್ಲದೆ, ಕಣ್ಣು ಕಾಣದ್ದನ್ನು ಕಾಣಿಸುವ ಶಕ್ತಿ ಸ್ತಬ್ಧಚಿತ್ರಕ್ಕಿದೆ. ಓಡುವ ಕುದುರೆಯ ನಾಲ್ಕೂ ಗೊರಸುಗಳು ಏಕಕಾಲಕ್ಕೆ ನೆಲ ಬಿಡುತ್ತವೆಯೇ ಎಂಬ ಚರ್ಚೆ ಅಮೆರಿಕೆಯಲ್ಲಿ ನಡೆದಿತ್ತು. 1878ರಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಕ್ಯಾಲಿಫೋರ್ನಿಯಾದಲ್ಲಿ ಓಟದ ದಾರಿಗುಂಟ ಹನ್ನೆರಡು ಕ್ಯಾಮೆರಾಗಳನ್ನಿಟ್ಟು, ದಾರಿಗೆ ಅಡ್ಡಲಾಗಿ ದಾರ ಕಟ್ಟಿ, ಕುದುರೆಯ ಕಾಲು ತಗುಲಿದೊಡನೆ ಒಂದೊಂದೇ ಶಟರ್ ಬೀಳುವಂತೆ ಮಾಡಿದ. ಗೊರಸುಗಳು ನೆಲ ಬಿಡುತ್ತವೆ. ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಹಿಂದೆ-ಮುಂದೆ ಚಾಚಿದಾಗ ಅಲ್ಲ, ಹೊಟ್ಟೆಯಡಿ ಒಟ್ಟುಗೂಡಿದಾಗ. ಸಾವಿರಾರು ವರ್ಷ ಕುದುರೆಯೊಡನೆ ಬಾಳಿದ ಮನುಷ್ಯ ಅದನ್ನು ಅಲ್ಲಿಯವರೆಗೆ ಸರಿಯಾಗಿ ಕಂಡಿರಲಿಲ್ಲ.

ನಮ್ಮ ಕಡೆಯ ಉದಾಹರಣೆ ಬೇಕೆಂದರೆ ಕಂಬಳವಿದೆ. 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂಬ ಸುದ್ದಿ ದೇಶವನ್ನೆಲ್ಲ ಸುತ್ತಿತು. ಲೆಕ್ಕ ಹಾಕಿದರೆ ಸೆಕೆಂಡಿಗೆ ಹತ್ತೂವರೆ ಮೀಟರಿನಷ್ಟು. ಈ ಓಟಗಾರನನ್ನು 1/60ರಲ್ಲಿ ಹಿಡಿಯಹೋದರೆ 17 ಸೆಂಟಿಮೀಟರ್ ಕಲಸಿದ ಗೆರೆ. 1/1000ದಲ್ಲಿ ಕೇವಲ ಒಂದು ಸೆಂಟಿಮೀಟರ್. ಅಷ್ಟು ಕಿರಿದಾದ ಕ್ಷಣದಲ್ಲಿ ಕೆಸರುನೀರು ಒಂದೊಂದು ಹನಿಯಾಗಿ ಗಾಳಿಯಲ್ಲಿ ನಿಲ್ಲುತ್ತದೆ. ಗದ್ದೆಯ ಬದುವಿನಲ್ಲಿ ಕೂತು ನೋಡಿದವರ ಕಣ್ಣಿಗೂ ಆ ಹನಿಗಳು ಬಿಡಿಬಿಡಿಯಾಗಿ ಕಂಡಿರುವುದಿಲ್ಲ. ಕಂಬಳವನ್ನು ನೋಡದ ಊರಿನವರ ಮನಸ್ಸಿನಲ್ಲಿ ಕಂಬಳ ನಿಂತಿರುವುದು ಇಂಥ ಚಿತ್ರಗಳಿಂದಲೇ.

‘ದುಡ್ಡು ಕೊಟ್ಟರೆ ಫೋಟೋಗ್ರಾಫರ್ ಬರುತ್ತಾನೆ’ ಎಂಬುದು ಮೂರನೆಯ ಆಕ್ಷೇಪಣೆ. ಬರುತ್ತಾರೆ, ಮದುವೆಗೆ ಬರುತ್ತಾರೆ, ಸಭೆಗೆ ಬರುತ್ತಾರೆ. ಅವರ ಕಸುಬನ್ನು ನಾನು ಹಳಿಯುತ್ತಿಲ್ಲ. ಆದರೆ ಬುಧವಾರ ಸಂಜೆ ಆರೂವರೆಗೆ ನಿಮ್ಮ ಅಡಿಗೆಮನೆಗೆ ಯಾವ ಫೋಟೋಗ್ರಾಫರ್ ಬರುತ್ತಾನೆ? ವಿಜಯಪುರದಿಂದ ಬಂದ ಅತ್ತೆಯವರು ಕಲ್ಲಿನ ಮೇಲೆ ಜೋಳದ ರೊಟ್ಟಿ ಬಡಿಯುವಾಗ ಅಂಗೈ ಒಮ್ಮೆ ಚಪ್ಪಟೆಯಾಗಿ, ಒಮ್ಮೆ ಬೆರಳ ತುದಿಯಲ್ಲಿ ನಿಂತು, ರೊಟ್ಟಿ ತಾನೇ ತಿರುಗುತ್ತಿದೆಯೋ ಎಂಬಂತೆ ತಿರುಗುತ್ತದಲ್ಲ, ಅದನ್ನು ಯಾರು ಹಿಡಿಯುತ್ತಾರೆ? ಉಡುಪಿಯ ಕಡೆಯ ಅಮ್ಮ ನೀರುದೋಸೆ ಹುಯ್ಯುವಾಗ ಮಣಿಕಟ್ಟು ಆಡುವ ರೀತಿಯನ್ನು? ಮಲ್ಲಿಗೆ ಕಟ್ಟುವ ಬೆರಳುಗಳನ್ನು? ಹಬ್ಬದ ಮುಂಜಾವಿನಲ್ಲಿ ನಾಲ್ಕನೆಯ ಮಹಡಿಯ ಫ್ಲಾಟಿನ ಬಾಗಿಲ ಮುಂದೆ, ಎರಡಡಿ ಜಾಗದಲ್ಲಿ ರಂಗೋಲಿಯ ಎಳೆ ಬಿಡುವ ಕೈಯನ್ನು?

ಇಲ್ಲಿದೆ ನಮ್ಮಂಥವರ ನಿಜವಾದ ಸಂಕಟ. ನಮ್ಮ ಮಕ್ಕಳು ಆಟದ ಬಯಲಲ್ಲಿ ಮರಾಠಿ ಆಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷ್ ಕಲಿಯುತ್ತಾರೆ, ಅಜ್ಜಿಯ ಮುಂದೆ ಮಾತ್ರ ಕನ್ನಡ. ಅದಕ್ಕಾಗಿ ನಾವು ಕನ್ನಡ ವರ್ಗ ನಡೆಸುತ್ತೇವೆ, ಪುಸ್ತಕ ತರಿಸುತ್ತೇವೆ, ನಾಟಕ ಆಡಿಸುತ್ತೇವೆ. ಒಳ್ಳೆಯದೇ. ಮಾತು ಮರೆತರೆ ನಿಘಂಟಿನಲ್ಲಿ ಹುಡುಕಬಹುದು. ರೊಟ್ಟಿ ಬಡಿಯುವ ಕೈಯ ತಿರುವನ್ನು ಯಾವ ನಿಘಂಟಿನಲ್ಲಿ ಹುಡುಕುವುದು? ಅಜ್ಜಿ ಹೋದ ಮೇಲೆ ನಮ್ಮಲ್ಲಿ ಉಳಿಯುವುದು ರೇಷ್ಮೆ ಸೀರೆಯುಟ್ಟು ಕುರ್ಚಿಯ ಮೇಲೆ ನೆಟ್ಟಗೆ ಕೂತ ಒಬ್ಬ ವೃದ್ಧೆಯ ಚಿತ್ರ. ಆಕೆ ಜೀವಮಾನದಲ್ಲಿ ಹಾಗೆ ಸುಮ್ಮನೆ ಕೂತದ್ದು ಆ ಒಂದು ನಿಮಿಷ ಮಾತ್ರ! ಮೊಮ್ಮಗಳು ಆ ಚಿತ್ರ ನೋಡಿ ಅಜ್ಜಿಯನ್ನು ತಿಳಿಯಬೇಕು. ಆಗುವ ಮಾತೇ?

‘ಇದು ಶ್ರೀಮಂತರ ಶೋಕಿ’ ಎನ್ನುವವರಿಗೂ ಉತ್ತರವಿದೆ. ಸುರುಳಿಯ ಕಾಲದಲ್ಲಿ ಅದು ನಿಜವಾಗಿತ್ತು, ಒಂದೊಂದು ತಪ್ಪಿಗೂ ದುಡ್ಡು ತೆರಬೇಕಿತ್ತು. ಈಗ ನೂರು ಚಿತ್ರ ಕೆಡಿಸಿದರೂ ಅಳಿಸಿ ಮತ್ತೆ ತೆಗೆಯಬಹುದು. ಕ್ಯಾಮೆರಾ ಇದ್ದವರು ಸೆಕೆಂಡ್‌ಹ್ಯಾಂಡ್ ಆದರೂ ಸರಿ, 50 ಮಿಲಿಮೀಟರಿನ ಎಫ್/1.8 ಮಸೂರವೊಂದನ್ನು ಕೊಂಡರೆ ಸಾಕು. ಮಸೂರಗಳಲ್ಲಿ ಅಗ್ಗದವುಗಳ ಸಾಲಿಗೆ ಸೇರಿದ್ದು ಅದು. ಕ್ಯಾಮೆರಾದ ಜೊತೆ ಬರುವ ಸಾಧಾರಣ ಮಸೂರವನ್ನು ದೂರಕ್ಕೆ ಎಳೆದಾಗ ಕಿಂಡಿ 5.6ಕ್ಕೆ ಕುಗ್ಗುತ್ತದೆ. 1.8ರ ಕಿಂಡಿ ಅದರ ಹೆಚ್ಚುಕಡಿಮೆ ಹತ್ತುಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಅಂದರೆ ಮೊದಲು 1/30ರಲ್ಲಿ ಒದ್ದಾಡುತ್ತಿದ್ದವರು ಅದೇ ಸಭಾಂಗಣದಲ್ಲಿ 1/250ಕ್ಕೆ ಸುಲಭವಾಗಿ ಏರಬಹುದು. ಒಂದು ಸಮಾರಂಭದ ಹಾರ-ತುರಾಯಿಗಳ ಖರ್ಚನ್ನು ಎರಡು ವರ್ಷ ಉಳಿಸಿದರೆ ಸಂಘವೇ ಇಂಥದೊಂದನ್ನು ಕೊಳ್ಳಬಹುದು.

ಕೊನೆಯ ಆಕ್ಷೇಪಣೆ ಗಂಭೀರವಾದದ್ದು: ‘ಕನ್ನಡ ಸಂಘಕ್ಕೂ ಕ್ಯಾಮೆರಾಕ್ಕೂ ಏನು ಸಂಬಂಧ?’ ಸಂಬಂಧ ಉಂಟು, ಅದೂ ಈ ಊರಿನಲ್ಲಿಯೇ ಉಂಟು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರು ಚಿತ್ರರಂಗದ ಮೊದಲ ಪಾಠ ಕಲಿತದ್ದು ಪುಣೆಯ ಪ್ರಭಾತ ಸ್ಟುಡಿಯೋದಲ್ಲಿ, 1940ರ ದಶಕದಲ್ಲಿ. ಅವರ ‘ಪ್ಯಾಸಾ’ (1957), ‘ಕಾಗಜ್ ಕೆ ಫೂಲ್’ (1959) ಚಿತ್ರಗಳಿಗೆ ಕ್ಯಾಮೆರಾ ಹಿಡಿದವರು ಮೈಸೂರಿನ ವಿ. ಕೆ. ಮೂರ್ತಿ. ಬೆಂಗಳೂರಿನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಪಡೆದು ಮುಂಬಯಿಗೆ ಬಂದ ಈ ವಲಸಿಗ ಕನ್ನಡಿಗ, 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದು, ಆ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕರೆನಿಸಿದರು. ಪ್ರಭಾತದ ಅದೇ ಅಂಗಳದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. 1970ರ ದಶಕದಲ್ಲಿ ಗಿರೀಶ ಕಾರ್ನಾಡರು ಅದರ ನಿರ್ದೇಶಕರಾಗಿದ್ದರು. ಗಿರೀಶ ಕಾಸರವಳ್ಳಿಯವರು ಅಲ್ಲಿಯೇ ಓದಿ ಹೊರಬಿದ್ದು ‘ಘಟಶ್ರಾದ್ಧ’ (1977) ಮಾಡಿದರು. ಸಂಡೂರಿನ ಎಂ. ವೈ. ಘೋರ್ಪಡೆಯವರು ಕರ್ನಾಟಕದ ಹಣಕಾಸು ಮಂತ್ರಿಯಾಗಿದ್ದವರು, ಕಾಡುಪ್ರಾಣಿಗಳ ಕಪ್ಪು-ಬಿಳುಪು ಚಿತ್ರಗಳಿಗೆ ಹೆಸರಾದವರು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಇವರೂ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದವರೇ. ಹಕ್ಕಿಗೆ ‘ಅಲುಗಾಡಬೇಡ’ ಎಂದು ಹೇಳಿ ಚಿತ್ರ ತೆಗೆಯಲಾದೀತೇ? ಕೈಯಿಂದ ಬೆಳಕು ಅಳೆಯುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ನಾವು, ಇಲ್ಲಿಯ ಸಂಸಾರಸ್ಥರು, ಅದನ್ನು ದೊಡ್ಡವರ ಪಾಲಿಗೆ ಬಿಟ್ಟು ಕೈಕಟ್ಟಿ ನಿಂತಿದ್ದೇವೆ ಅಷ್ಟೆ.

ಹಾಗಾದರೆ ಕಲಿಯುವುದು ಹೇಗೆ? ಭಾನುವಾರ ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ಬಯಲಿಗೆ ಹೋಗಿ. ಕ್ಯಾಮೆರಾವನ್ನು ‘ಎಂ’ ಎಂಬ ಗುರುತಿಗೆ ತಿರುಗಿಸಿ. ಒಳ್ಳೆಯ ಬಿಸಿಲಿದ್ದರೆ ಹಳಬರ ಒಂದು ಸೂತ್ರವಿದೆ: ಐಎಸ್‌ಒ 100, ಕಿಂಡಿ 16, ಶಟರ್ 1/125. ಇಲ್ಲಿಂದ ಕಿಂಡಿಯನ್ನು ಮೂರು ಮೆಟ್ಟಿಲು ಹಿಗ್ಗಿಸಿ 5.6ಕ್ಕೆ ತಂದರೆ ಶಟರನ್ನು ಮೂರು ಮೆಟ್ಟಿಲು ಏರಿಸಿ 1/1000 ಮಾಡಬಹುದು. ಬೆಳಕಿನ ಲೆಕ್ಕ ಸರಿಹೋಗುತ್ತದೆ. ಲಗೋರಿ ಆಡುವ ಮಕ್ಕಳನ್ನು ಈ ವೇಗದಲ್ಲಿ ಹಿಡಿದರೆ ಚೆದುರುವ ಬಿಲ್ಲೆಗಳು ಗಾಳಿಯಲ್ಲೇ ನಿಲ್ಲುತ್ತವೆ.

ಎರಡನೆಯ ವಾರ ಸೈಕಲ್. ಸೈಕಲ್ಲುಗಳ ಊರೆಂದು ಹೆಸರಾಗಿದ್ದ ಪುಣೆಯಲ್ಲಿ ಇನ್ನೂ ಮಕ್ಕಳು ಸೈಕಲ್ ಬಿಟ್ಟಿಲ್ಲ. ಶಟರನ್ನು 1/30ಕ್ಕೆ ಇಳಿಸಿ, ಸೈಕಲ್ ಬಂದಂತೆ ಕ್ಯಾಮೆರಾವನ್ನೂ ಅದರ ಜೊತೆಗೇ ಸಮವೇಗದಲ್ಲಿ ತಿರುಗಿಸುತ್ತ ಒತ್ತಬೇಕು, ಒತ್ತಿದ ಮೇಲೂ ತಿರುಗಿಸುವುದನ್ನು ನಿಲ್ಲಿಸಬಾರದು. ಹುಡುಗ ಸ್ಫುಟವಾಗಿ ನಿಂತು, ಹಿಂದಿನ ಗೋಡೆ-ಮರಗಳು ಗೆರೆಗೆರೆಯಾಗಿ ಓಡುತ್ತವೆ. ಇದಕ್ಕೆ ಪ್ಯಾನಿಂಗ್ ಎನ್ನುತ್ತಾರೆ. ಬಿಸಿಲೇರಿದ ಮೇಲೆ ಈ ವೇಗದಲ್ಲಿ ಬೆಳಕು ಹೆಚ್ಚಾಗಿ ಚಿತ್ರ ಬಿಳುಚಿಕೊಳ್ಳುತ್ತದೆ, ಆದ್ದರಿಂದ ಎಳೆ ಬೆಳಗಿನಲ್ಲಿ ಅಥವಾ ಮರದ ನೆರಳಿನಲ್ಲಿ ಮಾಡಿ. ಮೊದಲ ದಿನ ಇಪ್ಪತ್ತರಲ್ಲಿ ಒಂದು ಬಂದರೆ ಸಂತೋಷಪಡಿ.

ಮೂರನೆಯ ವಾರ ಅಡಿಗೆಮನೆ. ಕ್ಯಾಮೆರಾವನ್ನು ಡಬ್ಬಿಯ ಮೇಲೋ ಸ್ಟೂಲಿನ ಮೇಲೋ ಅಲುಗದಂತೆ ಇಟ್ಟು, ಕಿಟಕಿಯ ಬೆಳಕಿನಲ್ಲಿ 1/15ರಲ್ಲಿ ರೊಟ್ಟಿ ಬಡಿಯುವವರ ಚಿತ್ರ ತೆಗೆಯಿರಿ. ಮುಖ ಸ್ಪಷ್ಟವಾಗಿರುತ್ತದೆ, ಕೈ ಮಾತ್ರ ತೆಳುವಾಗಿ ಹರಡಿ, ಬಡಿತದ ವೇಗವೇ ಕಾಣುತ್ತದೆ. ಅದೇ ಕೈಯನ್ನು 1/500ರಲ್ಲಿ ತೆಗೆದರೆ ಬೆರಳುಗಳ ನಿಲುವು, ಹಾರಿದ ಹಿಟ್ಟಿನ ಧೂಳು ಕಾಣುತ್ತದೆ. ಎರಡೂ ಸತ್ಯ. ಯಾವುದು ಬೇಕೆಂದು ನೀವು ಆರಿಸಿದಿರಿ, ಯಂತ್ರ ಆರಿಸಲಿಲ್ಲ. ಕಲಸಿದ ಚಿತ್ರವನ್ನೆಲ್ಲ ನಾನು ತಪ್ಪೆನ್ನುತ್ತಿಲ್ಲವೆಂಬುದು ಇದರಿಂದ ಸ್ಪಷ್ಟವಾಗಲಿ. ಬೇಕೆಂದು ಕಲಸಿದ್ದಕ್ಕೂ ಗೊತ್ತಿಲ್ಲದೆ ಕಲಸಿಹೋದದ್ದಕ್ಕೂ ಅಜಗಜಾಂತರವಿದೆ.

ನಾಲ್ಕನೆಯ ವಾರ ರಂಗಮಂದಿರ. ಯಕ್ಷಗಾನದ ಧೀಂಗಿಣದಲ್ಲಿ ವೇಷಧಾರಿ ಹಾರಿದಾಗ, ಏರುವುದು ಮುಗಿದು ಇಳಿಯುವುದು ಆರಂಭವಾಗುವ ನಡುವೆ ಒಂದು ಘಳಿಗೆ ದೇಹ ನಿಂತಂತಿರುತ್ತದೆ. ಭರತನಾಟ್ಯದಲ್ಲಿ ಜತಿ ಮುಗಿಯುವಲ್ಲಿಯೂ ಹಾಗೆಯೇ. ಆ ಕ್ಷಣಕ್ಕೆ 1/250 ಸಾಕು, ಐಎಸ್‌ಒ 3200 ಇಟ್ಟು ನೋಡಿ. ಆದರೆ ಅದು ಯಾವಾಗ ಬರುತ್ತದೆಂದು ತಿಳಿಯಬೇಕಾದರೆ ಚೆಂಡೆಯ ಪೆಟ್ಟು ಕಿವಿಗೆ ತಿಳಿದಿರಬೇಕು, ತಾಳ ಎಣಿಸಲು ಬರಬೇಕು. ಕ್ಯಾಮೆರಾ ಹಿಡಿದ ಹುಡುಗ ಹೀಗೆ ತಾನಾಗಿಯೇ ಯಕ್ಷಗಾನ ಕಲಿಯತೊಡಗುತ್ತಾನೆ! ನಾವು ಬೈದು ಕೂರಿಸಿದರೂ ಕೂರದ ಹುಡುಗ, ಒಂದು ಚಿತ್ರಕ್ಕಾಗಿ ಇಡೀ ಪ್ರಸಂಗವನ್ನು ಕಣ್ಣು ಮಿಟುಕಿಸದೆ ನೋಡುತ್ತಾನೆ. ಇದಕ್ಕಿಂತ ಹೆಚ್ಚಿನ ಕನ್ನಡ ಸೇವೆ ಯಾವುದು ಬೇಕು?

ಮುಂದೆ ಕೈ ಪಳಗಿದವರಿಗೆ ಈ ಜಿಲ್ಲೆಯೇ ದೊಡ್ಡ ಪಾಠಶಾಲೆ. ಚಳಿಗಾಲದಲ್ಲಿ ಸೋಲಾಪುರದ ಹಾದಿಯ ಭಿಗವಣಕ್ಕೆ, ಉಜನಿ ಅಣೆಕಟ್ಟಿನ ಹಿನ್ನೀರಿಗೆ, ಫ್ಲೆಮಿಂಗೊ ಎಂಬ ರಾಜಹಂಸಗಳು ಬರುತ್ತವೆ. ಅವು ಹಾರುವಾಗ 1/1600 ಬೇಕು. ಆ ನೀರು ಭೀಮೆಯದು. ವಿಜಯಪುರ, ಕಲಬುರ್ಗಿಗಳನ್ನು ಹಾಯ್ದು ಕೃಷ್ಣೆಯನ್ನು ಸೇರುವ ನಮ್ಮ ನದಿ. ಆಷಾಢದಲ್ಲಿ ಆಳಂದಿ, ದೇಹೂಗಳ ಪಾಲಖಿಗಳು ಪುಣೆಯ ಮೂಲಕವೇ ಪಂಢರಪುರಕ್ಕೆ ಹೊರಡುತ್ತವೆ. ತುಕಾರಾಮರ ಪಾಲಖಿಯ ದಾರಿಯಲ್ಲಿ ಬೇಲವಾಡಿಯ ರಿಂಗಣದಲ್ಲಿ ವಾರಕರಿಗಳ ನಡುವೆ ಕುದುರೆ ಸುತ್ತು ಹಾಕಿ ಓಡುತ್ತದೆ. ಮೈಬ್ರಿಜ್ ಹನ್ನೆರಡು ಕ್ಯಾಮೆರಾಗಳಿಂದ ಮಾಡಿದ್ದನ್ನು ನಮ್ಮ ಹುಡುಗಿಯೊಬ್ಬಳು ಒಂದು ಕ್ಯಾಮೆರಾದಿಂದ ಅಲ್ಲಿ ಮಾಡಬಹುದು.

ಸಂಘದ ಕಾರ್ಯಕಾರಿ ಸಮಿತಿಯ ಮಹನೀಯರಲ್ಲಿ ನನ್ನ ಬೇಡಿಕೆಗಳು ಮೂರು. ಒಂದು, ಬರುವ ರಜೆಯಲ್ಲಿ ಆರು ಭಾನುವಾರಗಳ ಛಾಯಾಗ್ರಹಣ ವರ್ಗ ನಡೆಸಿ, ಪಾಠ ಕನ್ನಡದಲ್ಲಿಯೇ ಆಗಲಿ, ಮೊಬೈಲ್ ತಂದವರಿಗೂ ಅವಕಾಶವಿರಲಿ. ಎರಡು, ರಾಜ್ಯೋತ್ಸವದಲ್ಲಿ ಮಕ್ಕಳ ಚಿತ್ರಸ್ಪರ್ಧೆಯನ್ನೇರ್ಪಡಿಸಿ. ವಿಷಯ ‘ನಮ್ಮ ಮನೆಯವರು ಕೆಲಸ ಮಾಡುವಾಗ’ ಎಂದಿರಲಿ. ಪ್ರತಿ ಚಿತ್ರದ ಹಿಂದೆ ಶಟರ್, ಐಎಸ್‌ಒ, ಕ್ಯಾಮೆರಾದ್ದಾದರೆ ಅಪರ್ಚರ್‌ಗಳ ಅಂಕಿಗಳನ್ನೂ, ಅವನ್ನೇ ಆರಿಸಿದ್ದೇಕೆಂಬ ಎರಡು ಸಾಲನ್ನೂ ಮಗು ಕನ್ನಡದಲ್ಲಿ ಬರೆಯಬೇಕು. ‘ಆಟೋ’ದಲ್ಲಿ ತೆಗೆದದ್ದು ಎಷ್ಟೇ ಚೆನ್ನಾಗಿದ್ದರೂ ಬಹುಮಾನಕ್ಕೆ ಅರ್ಹವಲ್ಲವೆಂದು ನಿಯಮ ಮಾಡಿ. ಮೂರು, ಈ ಮಾಸಪತ್ರಿಕೆಯಲ್ಲಿ ಒಂದು ಸಂಚಿಕೆಗೆ ಶಾಲಿನ ಚಿತ್ರ ಎರಡಕ್ಕಿಂತ ಹೆಚ್ಚು ಅಚ್ಚಾಗಬಾರದು. ಉಳಿದ ಜಾಗ ಕುಣಿದವರಿಗೆ, ಬಡಿಸಿದವರಿಗೆ, ಕುರ್ಚಿ ಹೊತ್ತವರಿಗೆ ಇರಲಿ.

ಮೂರನೆಯ ಬೇಡಿಕೆಯಿಂದ ಕೆಲವರಿಗೆ ಬೇಸರವಾಗಬಹುದು. ಅಂಥವರು ಮುಂದಿನ ಕಾರ್ಯಕ್ರಮದಲ್ಲಿ ಶಾಲು ಹೊದೆಯುವುದರ ಬದಲು ಒಂದು ಪಂಕ್ತಿಗೆ ಹೋಳಿಗೆ ಬಡಿಸಲಿ. 1/250ರಲ್ಲಿ ಅವರ ಚಿತ್ರವೂ ಚೆನ್ನಾಗಿ ಬರುತ್ತದೆ.